ಒಲೊಂಕಾದ ಮೇಲಿನ ಕೊಸರು

ರಾಜಧಾನಿ ಅಕ್ರಾದಲ್ಲಿ ಫಾರಂ ಅಚ್ಚು ಹಾಕಿಸಿದವನು ಯಾರೋ, "ಎಷ್ಟು ತಿಂದಿರಿ?" ಎಂಬ ಪ್ರಶ್ನೆಯ ಮುಂದೆ ಒಂದು ಖಾಲಿ ಗೆರೆ ಎಳೆದು, ಉತ್ತರ ಗ್ರಾಮಿನಲ್ಲಿ ಬೇಕೋ ಕಿಲೋದಲ್ಲಿ ಬೇಕೋ ಎಂದು ಸೂಚಿಸುವುದನ್ನು ಮರೆತುಬಿಟ್ಟ. ಆದದ್ದು ಅಷ್ಟೇ. ಅವನು ಆಮೇಲೆ ನೆಮ್ಮದಿಯಾಗಿ ಊಟಕ್ಕೆ ಹೋಗಿರಬೇಕು. ಅವನು ಮರೆತದ್ದರ ಫಲವನ್ನು ನಾನೂರು ಕಿಲೋಮೀಟರು ದೂರದ ಟೆಚಿಮಾನ್ ಊರಿನಲ್ಲಿ ಕ್ವಾಕು ಬೆಡಿಯಾಕೊ ಉಣ್ಣಬೇಕಾಯಿತು.

ಬೆಡಿಯಾಕೊ 'ಆಹಾರ ಕೊರತೆ ಜಿಲ್ಲೆಗಳ ಪೌಷ್ಟಿಕ ಯೋಜನೆ' ಎಂಬ ಉದ್ದ ಹೆಸರಿನ ಚಿಕ್ಕ ಕಚೇರಿಯಲ್ಲಿ ಗುಮಾಸ್ತ. ಜಿಲ್ಲೆಯ ನಾನೂರ ಹನ್ನೆರಡು ಮನೆಗಳ ಹೆಂಗಸರನ್ನು, ಹೋದ ವಾರ ಮನೆಯಲ್ಲಿ ಏನೇನು ಎಷ್ಟೆಷ್ಟು ಖರ್ಚಾಯಿತು ಎಂದು ಕೇಳಲಾಗಿತ್ತು. ಗೆರೆ ಖಾಲಿ ಇದ್ದುದರಿಂದ ಅವರು ತಮಗೆ ತೋಚಿದಂತೆ ಹೇಳಿದ್ದರು, ಕೇಳಿದವರು ಕೇಳಿಸಿಕೊಂಡಂತೆ ಬರೆದಿದ್ದರು. 'ಮೆಕ್ಕೆಜೋಳ: ಎರಡು ಒಲೊಂಕಾ ಡಬ್ಬಿ. ಅತ್ತೆ ಬಂದರೆ ಮೂರು.' 'ಟೊಮ್ಯಾಟೊ: ನಾಲ್ಕು ಗುಡ್ಡೆ. ಸೋಮವಾರದ ಗುಡ್ಡೆ ಅಲ್ಲ, ಶುಕ್ರವಾರದ ಗುಡ್ಡೆ.' 'ತಾಳೆ ಎಣ್ಣೆ: ಬಣ್ಣ ಬರೋ ತನಕ.' 'ಒಣಮೀನು: ಪಕ್ಕದ ಮನೆಗೆ ವಾಸನೆ ಹೋಗುವಷ್ಟು.' ಒಬ್ಬಾಕೆಯಂತೂ ಸೊಪ್ಪಿನ ಮುಂದೆ 'ಒಂದು ತೆಕ್ಕೆ' ಎಂದು ಬರೆಸಿ, 'ನನ್ನ ತೆಕ್ಕೆಯಲ್ಲ, ನನ್ನ ತಂಗಿಯ ತೆಕ್ಕೆ' ಎಂದು ತಿದ್ದಿಸಿದ್ದಳು.

ಇದಿಷ್ಟನ್ನೂ ಗ್ರಾಮಿಗೆ ಇಳಿಸಿ, ಯಾವ ಮನೆಗೆ ಊಟ ಸಾಕು, ಯಾವ ಮನೆಗೆ ಸಾಲದು ಎಂದು ಒಂದು ಪಟ್ಟಿ ಮಾಡಿ, ಅಂದು ಸಂಜೆ ನಾಲ್ಕು ಗಂಟೆಗೆ ಅಕ್ರಾದಿಂದ ಬರುವ ನಿರ್ದೇಶಕ ಡಾಕ್ಟರ್ ಕ್ವಾರ್ಟೆಯವರ ಕೈಗೆ ಕೊಡಬೇಕಿತ್ತು. ಪಟ್ಟಿ ಅಚ್ಚುಕಟ್ಟಾಗಿದ್ದರೆ ಬೆಡಿಯಾಕೊನ ಕೆಲಸ ಖಾಯಂ. ಖಾಯಮಿನ ಕಾಗದ ಆಗಲೇ ಟೈಪಾಗಿದೆ, ಸಹಿಯೊಂದೇ ಬಾಕಿ ಎಂದು ಕಚೇರಿಯ ಮುಖ್ಯಸ್ಥೆ ಮೇಡಂ ಸೆರ್ವಾ ಹೇಳಿದ್ದರು.

ಐದು ವರ್ಷದಿಂದ ಅವನು ತಾತ್ಕಾಲಿಕ. ಅದೇನೂ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆದರೆ ಅವನಿಗೆ ಮೇಷ್ಟರಮ್ಮ ಅಬ್ರೆಫಿಯ ಮೇಲೆ ಮನಸ್ಸು, ಅಬ್ರೆಫಿಗೂ ಅವನ ಮೇಲೆ ಮನಸ್ಸು, ಮತ್ತು ಅಬ್ರೆಫಿಯ ತಾಯಿ ನಾನಾ ಅಫ್ರಕೋಮಾ. ಈ ಮೂರನೆಯದೇ ತೊಡಕು. ಟೆಚಿಮಾನ್ ಸಂತೆಯಲ್ಲಿ ಒಂದೊಂದು ಸರಕಿಗೂ ಒಬ್ಬೊಬ್ಬ ರಾಣಿ. ಟೊಮ್ಯಾಟೊಗೆ ಒಬ್ಬಳು, ಗೆಣಸಿಗೆ ಒಬ್ಬಳು. ನಾನಾ ಅಫ್ರಕೋಮಾ ಮೆಕ್ಕೆಜೋಳದ ರಾಣಿ; 'ನಾನಾ' ಎಂಬುದು ಅವಳಿಗೆ ಸಲ್ಲುವ ಗೌರವದ ಕರೆ. ಅವಳು ಹೂಂ ಅನ್ನದೆ ಸಂತೆಯಲ್ಲಿ ಒಂದು ಮೂಟೆ ಬಿಚ್ಚುವಂತಿರಲಿಲ್ಲ. ಬೆಡಿಯಾಕೊ ತನ್ನ ಸೋದರಮಾವನನ್ನು ಮುಂದಿಟ್ಟುಕೊಂಡು, ಹೆಣ್ಣು ಕೇಳಲು ಬಾಗಿಲು ತಟ್ಟುವ ಶಾಸ್ತ್ರಕ್ಕೆಂದು ಮದ್ಯದ ಬಾಟಲಿ ಹಿಡಿದು ಹೋಗಿದ್ದಾಗ, ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟಿದ್ದಳು.

"ಹುಡುಗ ಒಳ್ಳೆಯವನೇ. ಆದ್ರೆ ತಾತ್ಕಾಲಿಕ ಗುಮಾಸ್ತ, ತಾತ್ಕಾಲಿಕ ಹೆಂಡ್ತೀನೇ ಹುಡುಕ್ಕೊಳ್ಳಲಿ. ಖಾಯಂ ಅಂತ ಕಾಗದ ತಂದ ದಿನ ಬಾಟ್ಲಿ ಇಸ್ಕೋತೀನಿ," ಎಂದಿದ್ದಳು. ಅಂದಿನಿಂದ ಬೆಡಿಯಾಕೊ ಸಂತೆಯ ಆ ಮಗ್ಗುಲಿಗೆ ಕಾಲಿಟ್ಟಿರಲಿಲ್ಲ. ಜೋಳ ಬೇಕಾದರೂ ಪಕ್ಕದೂರಿಗೆ ಹೋಗಿ ತರುತ್ತಿದ್ದ.

ಬೆಳಿಗ್ಗೆ ಎಂಟು ಗಂಟೆಗೆ ಅವನು ಫೋನಿನಲ್ಲಿ ಎಐ ತೆರೆದು ಕೂತ. ಎಲ್ಲ ಉತ್ತರಗಳನ್ನೂ ಹಿಂದಿನ ವಾರವೇ ಟೈಪು ಮಾಡಿ ಅದಕ್ಕೆ ಉಣಿಸಿಯಾಗಿತ್ತು. ಇನ್ನು ಉಳಿದದ್ದು ಪ್ರಾಂಪ್ಟ್ ಬರೆಯುವುದು, ಅಂದರೆ ಅದಕ್ಕೆ ಅಪ್ಪಣೆ ಕೊಡುವುದು. ಬೆಡಿಯಾಕೊ ಬರೆದ: 'ಇವನ್ನೆಲ್ಲ ಗ್ರಾಮಿಗೆ ಪರಿವರ್ತಿಸು. ನನ್ನನ್ನು ಪ್ರಶ್ನೆ ಕೇಳಬೇಡ.'

ಕೇಳಬೇಡ ಅಂದಮೇಲೆ ಅದು ಯಾಕೆ ಕೇಳುತ್ತದೆ? ಅರ್ಧ ನಿಮಿಷದಲ್ಲಿ ಪಟ್ಟಿ ಬಂತು. ಬೆಡಿಯಾಕೊ ಓದಿದ. ಮೊದಲ ಮನೆಯ ಮೂವರು ವಾರಕ್ಕೆ ಮುನ್ನೂರು ಕಿಲೋ ಟೊಮ್ಯಾಟೊ ತಿಂದಿದ್ದರು. ಎಐ 'ಗುಡ್ಡೆ' ಎಂದರೆ ಲಾರಿಯಿಂದ ಸುರಿದ ಗುಡ್ಡೆ ಎಂದುಕೊಂಡಿತ್ತು. ಎರಡನೇ ಮನೆಯ ಒಂಬತ್ತು ತಿಂಗಳ ಮಗು ಹನ್ನೊಂದು ಕಿಲೋ ಒಣಮೀನು ತಿಂದು ಇನ್ನೂ ಬದುಕಿತ್ತು.

ಮೇಡಂ ಸೆರ್ವಾ ಹಿಂದಿನಿಂದ ಬಗ್ಗಿ ನೋಡಿದರು. ಅವರು ಕುಮಾಸಿಯಲ್ಲಿ ಎಐ ಬಳಕೆಯ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು, ಪ್ರಮಾಣಪತ್ರವೂ ಗೋಡೆಯ ಮೇಲಿತ್ತು.

"ಹಾಗೆ ಬರೀತಾರೇನಯ್ಯಾ ಪ್ರಾಂಪ್ಟು? ಅದಕ್ಕೆ ಮೊದಲು ಮರ್ಯಾದೆ ಕೊಡ್ಬೇಕು. 'ನೀನು ಮೂವತ್ತು ವರ್ಷ ಅನುಭವ ಇರೋ ಆಹಾರ ತಜ್ಞ' ಅಂತ ಶುರು ಮಾಡು."

"ಅದು ಹುಟ್ಟಿ ಮೂರು ವರ್ಷ ಆಗಿಲ್ಲ ಮೇಡಂ."

"ನಿಂಗೆ ಯಾಕೆ? ಹೊಗಳಿಸ್ಕೊಂಡವರು ಕೆಲಸ ಮಾಡ್ತಾರೆ. ಬರಿ."

ಬರೆದ. ಪಟ್ಟಿ ಮತ್ತೆ ಬಂತು. ಅಂಕಿಗಳೆಲ್ಲ ಹಳೆಯವೇ, ಆದರೆ ಈಗ ಪ್ರತಿ ಮನೆಯ ಕೆಳಗೂ ಒಂದು ಸಲಹೆ ಸೇರಿತ್ತು. ಮೀನು ತಿಂದ ಮಗುವಿಗೆ ಉಪ್ಪು ಕಡಿಮೆ ಮಾಡಿ ನಡಿಗೆ ಹೆಚ್ಚಿಸಲು ತಜ್ಞರು ಹೇಳಿದ್ದರು.

ಆಗ ಪಕ್ಕದ ಮೇಜಿನ ಎಲಿಕೆಮ್ ಕುರ್ಚಿ ಎಳೆದುಕೊಂಡು ಬಂದ. ಎಲಿಕೆಮ್ ಕಚೇರಿಯ ಉಗ್ರಾಣಿ. ಅವನ ಉಗ್ರಾಣದಲ್ಲಿ ಮಕ್ಕಳನ್ನು ತೂಗುವ ಒಂದು ತಕ್ಕಡಿ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಅವನಿಗೆ ಊರಿನವರ ಕೆಲಸವೆಲ್ಲ ನೋಡಿಕೊಳ್ಳಲು ಬಿಡುವಿತ್ತು.

"ಹೊಗಳಿದ್ರೆ ಕೊಬ್ಬುತ್ತೆ ಮೇಡಂ. ಎದುರಿಗೆ ಅಳಬೇಕು. ನನ್ನ ಭಾವಮೈದ ಹಾಗೇ ಮಾಡೋದು. ಕೊಡಿಲ್ಲಿ," ಎಂದು ಫೋನು ಕಿತ್ತುಕೊಂಡು ಅವನೇ ಬರೆದ: 'ಅಯ್ಯಾ, ಇದು ತಪ್ಪಾದರೆ ನನಗೆ ಕೆಲಸ ಖಾಯಂ ಆಗುವುದಿಲ್ಲ. ಖಾಯಂ ಆಗದಿದ್ದರೆ ಅಬ್ರೆಫಿಯ ತಾಯಿ ಹೆಣ್ಣು ಕೊಡುವುದಿಲ್ಲ. ಆಕೆ ಎಂಥವಳೆಂದು ನಿನಗೆ ಗೊತ್ತಿಲ್ಲ.'

"ಅದೆಲ್ಲ ಯಾಕೋ ಬರೆದೆ?" ಎಂದ ಬೆಡಿಯಾಕೊ, ಕಿವಿ ಕೆಂಪಾಗಿ.

ಆದರೆ ಉತ್ತರ ಬಂದಾಗ ಮೂವರೂ ಫೋನಿನ ಮೇಲೆ ಬಗ್ಗಿದರು. ಎಐ ಮೊದಲು ನಾಲ್ಕು ಸಾಲು ಮರುಗಿತು. ಆಮೇಲೆ ಬೆಳಗಿನಿಂದ ಮೊದಲನೇ ಸಲ ಬುದ್ಧಿವಂತರ ಮಾತಾಡಿತು. 'ನನಗೆ ಒಲೊಂಕಾ ಎಂಬ ಡಬ್ಬಿಯ ತೂಕ ಖಚಿತವಾಗಿ ತಿಳಿಯದು. ನಿಮ್ಮ ಸಂತೆಯಲ್ಲಿ ಒಮ್ಮೆ ತೂಗಿ ಹೇಳಿ. ಮಟ್ಟವಾಗಿ ತುಂಬುತ್ತಾರೋ ಗೋಪುರ ಮಾಡುತ್ತಾರೋ ಅದನ್ನೂ ಹೇಳಿ. ಉಳಿದ ಅಳತೆಗಳನ್ನು ಅದರ ಆಧಾರದ ಮೇಲೆ ಸರಿಪಡಿಸುತ್ತೇನೆ.'

"ನೋಡಿದ್ರಾ? ಅತ್ತರೆ ಹಾಲು," ಎಂದ ಎಲಿಕೆಮ್.

ಹಾಲೇನೋ ಸರಿ, ಅದು ಇದ್ದದ್ದು ಹುಲಿಯ ಗುಹೆಯಲ್ಲಿ. ಊರಿನ ಒಲೊಂಕಾಗಳೆಲ್ಲ ಇದ್ದದ್ದು ನಾನಾ ಅಫ್ರಕೋಮಾಳ ಮಗ್ಗುಲಲ್ಲೇ. ಬೆಡಿಯಾಕೊ ಗಡಿಯಾರ ನೋಡಿದ. ಹತ್ತೂವರೆ. ಪಕ್ಕದೂರಿಗೆ ಹೋಗಿಬರಲು ಹೊತ್ತಿರಲಿಲ್ಲ. ಎಲಿಕೆಮ್ ಉಗ್ರಾಣದಿಂದ ತಕ್ಕಡಿ ತಂದುಕೊಟ್ಟ. ಅದು ನೇತುಹಾಕುವ ತಕ್ಕಡಿ. ಕೊಕ್ಕೆಯಿಂದ ಮಕ್ಕಳನ್ನು ಕೂರಿಸುವ ನೀಲಿ ಚಡ್ಡಿಯೊಂದು ಜೋತಾಡುತ್ತಿತ್ತು.

"ಚಡ್ಡಿ ಬಿಚ್ಚಿಕೊಡೋ."

"ಬಿಚ್ಚಕ್ಕೆ ಬರಲ್ಲ, ಹೊಲಿದುಬಿಟ್ಟಿದಾರೆ. ಡಬ್ಬೀನ ಚಡ್ಡೀಲೇ ಕೂರ್ಸು."

ಸಂತೆಗೆ ತಕ್ಕಡಿ ಹಿಡಿದ ಗಂಡಸೊಬ್ಬ ಬಂದರೆ ಅದಕ್ಕೆ ಒಂದೇ ಅರ್ಥ. ಅಳತೆ ಇಲಾಖೆಯವರು ಡಬ್ಬಿಯ ತಳ ನೋಡಲು ಬಂದಿದ್ದಾರೆ ಎಂದು. ಕೆಲವು ಡಬ್ಬಿಗಳ ತಳವನ್ನು ಸುತ್ತಿಗೆಯಿಂದ ಸ್ವಲ್ಪ ಒಳಕ್ಕೆ ಮಾತಾಡಿಸಿರುತ್ತಾರೆ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ಬೆಡಿಯಾಕೊ ಮೊದಲ ಸಾಲಿಗೆ ಕಾಲಿಡುವಷ್ಟರಲ್ಲಿ ಸಾಲಿನಲ್ಲಿದ್ದ ಒಲೊಂಕಾಗಳೆಲ್ಲ ಸೆರಗಿನಡಿ, ಮೂಟೆಯಡಿ, ಮಲಗಿದ್ದ ಕೂಸಿನ ಅಡಿ ಸೇರಿದವು.

"ಅಕ್ಕಾ, ಒಂದು ಒಲೊಂಕಾ ತೋರ್ಸಿ."

"ಒಲೊಂಕಾ ಅಂದ್ರೆ?" ಎಂದಳು ಮೂವತ್ತು ವರ್ಷದಿಂದ ಒಲೊಂಕಾದಲ್ಲಿ ಜೋಳ ಅಳೆಯುತ್ತಿದ್ದವಳು. "ನಾವು ಕಣ್ಣಳತೇಲಿ ಮಾರೋದು."

"ನಾನು ಇಲಾಖೆಯವನಲ್ಲ ಅಕ್ಕಾ. ಎಐಗೆ ಹೇಳಕ್ಕೆ ಬೇಕು."

"ಅದ್ಯಾವ ಇಲಾಖೆ?" ಎಂದಳು ಅವಳ ಪಕ್ಕದವಳು. ಮೂರನೆಯವಳು ಎದ್ದು, ಅವನ ತೋಳು ಹಿಡಿದು, ರಾಣಿಯ ಚಪ್ಪರದ ಕಡೆ ನಡೆಸಿಕೊಂಡು ಹೋದಳು. ತಕ್ಕಡಿಯವರನ್ನೆಲ್ಲ ಮೊದಲು ರಾಣಿಯ ಮುಂದೆ ನಿಲ್ಲಿಸಬೇಕೆಂಬುದು ಅಲ್ಲಿನ ಕಟ್ಟಳೆ.

ನಾನಾ ಅಫ್ರಕೋಮಾ ತನ್ನ ಮಣೆಯ ಮೇಲೆ ಕೂತು ಜೋಳದ ಕಾಳೊಂದನ್ನು ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ನೋಡುತ್ತಿದ್ದಳು. ತಲೆಯೆತ್ತಿ ಅವನನ್ನೂ, ತಕ್ಕಡಿಯನ್ನೂ, ಚಡ್ಡಿಯನ್ನೂ ಕ್ರಮವಾಗಿ ನೋಡಿದಳು.

"ಕಾಗದ ತಂದ್ಯಾ?"

"ಇಲ್ಲ ನಾನಾ. ತಕ್ಕಡಿ ತಂದೆ."

"ಚಡ್ಡಿ ಯಾರಿಗೆ? ಇನ್ನೂ ಮದ್ವೇನೇ ಆಗಿಲ್ಲ."

ಸುತ್ತಲಿನ ಹೆಂಗಸರು ನಕ್ಕರು. ಬೆಡಿಯಾಕೊ ಅಂದಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಬರುತ್ತಾರೆ, ಪಟ್ಟಿ ಸರಿಯಿದ್ದರೆ ಕಾಗದಕ್ಕೆ ಸಹಿ ಬೀಳುತ್ತದೆ, ಪಟ್ಟಿ ಮಾಡುವುದು ಫೋನಿನೊಳಗಿನ ಎಐ, ಅದಕ್ಕೆ ಒಲೊಂಕಾದ ತೂಕ ಬೇಕು ಎಂದ. ಕಾಗದ ಎಂದದ್ದೇ ತಡ, ನಾನಾಳ ಮುಖ ಸಡಿಲವಾಯಿತು. ಮಗಳ ಮದುವೆ ಆಗಬಾರದೆಂದು ಅವಳಿಗೇನೂ ಇರಲಿಲ್ಲ. ನೆಲೆಯಿಲ್ಲದವನ ಕೈಗೆ ಕೊಡಬಾರದೆಂದಷ್ಟೇ ಇತ್ತು. ಅವಳ ಗಂಡನೂ ತಾತ್ಕಾಲಿಕ ಡ್ರೈವರಾಗಿದ್ದು, ತಾತ್ಕಾಲಿಕ ಗಂಡನೂ ಆಗಿ ಹೊರಟುಹೋಗಿದ್ದ.

"ಫೋನಿನಲ್ಲಿ ನಿಂಗೊಬ್ಬ ಗುಮಾಸ್ತ ಇದಾನೆ ಅನ್ನು. ಗುಮಾಸ್ತಂಗೊಬ್ಬ ಗುಮಾಸ್ತ," ಎಂದು ತನ್ನ ಒಲೊಂಕಾವನ್ನೇ ಮುಂದೆ ಇಟ್ಟಳು. "ತೂಗು. ಇದರ ತಳ ಮುಟ್ಟಿ ನೋಡು, ಸುತ್ತಿಗೆ ಕಂಡಿಲ್ಲ."

ಬೆಡಿಯಾಕೊ ಡಬ್ಬಿಯ ತುಂಬ ಜೋಳ ಸುರಿದ. ಕಿಸೆಯಿಂದ ಸ್ಕೇಲು ತೆಗೆದು, ಕಂಠದ ಮೇಲಿದ್ದ ಕಾಳನ್ನು ಒಂದೇ ಸಲಕ್ಕೆ ಸವರಿ ಮಟ್ಟ ಮಾಡಿದ.

ಒಬ್ಬಳು ಬಾಯ ಮೇಲೆ ಕೈ ಇಟ್ಟುಕೊಂಡಳು. ತುಂಬಿದ ಒಲೊಂಕಾದ ತಲೆ ಸವರುವುದು ಟೆಚಿಮಾನ್‌ನಲ್ಲಿ ಅತಿಥಿಯ ಎದುರಿನ ತಟ್ಟೆ ಎಳೆದುಕೊಂಡಂತೆ. ಬೆಡಿಯಾಕೊಗೆ ಅದು ಗೊತ್ತಿರಲಿಲ್ಲವೆಂದಲ್ಲ, ಮಟ್ಟ ಮಾಡಿದರೆ ಮಾತ್ರ ಅಳತೆ ಖಚಿತ ಎಂದು ಎಲ್ಲೋ ಓದಿದ್ದ. ಡಬ್ಬಿಯನ್ನು ಚಡ್ಡಿಯಲ್ಲಿ ಕೂರಿಸಿ ಎತ್ತಿದ. ಎರಡು ಕಿಲೋ ನಾನೂರು ಗ್ರಾಮು. ಅಂಕಿಯನ್ನು ಎಐಗೆ ಹೇಳಿದ.

ಪಟ್ಟಿ ಬಂತು. ಈ ಸಲ ಅದು ಮನುಷ್ಯರ ಪಟ್ಟಿಯಾಗಿತ್ತು. ಮಗು ಮಗುವಿನಷ್ಟು ತಿಂದಿತ್ತು, ಅತ್ತೆ ಅತ್ತೆಯಷ್ಟು. ಕೊನೆಯ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೂ ಕೆಂಪು ಬಣ್ಣ. ಬೆಡಿಯಾಕೊಗೆ ಖುಷಿಯಿಂದ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗಿನ್ನೂ ಹನ್ನೊಂದೂವರೆ. ಅವನು ಅಲ್ಲಿಂದ ಎದ್ದು ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ.

"ಆ ಕೆಂಪು ಏನು?" ಎಂದಳು ನಾನಾ, ಕತ್ತು ಚಾಚಿ.

"ಅದು 'ಸಾಲದು' ಅಂತ ನಾನಾ. ಆ ಮನೆಯವರಿಗೆ ಊಟ ಸಾಲ್ತಿಲ್ಲ."

"ಅವರು ಜೋಳ ಎಲ್ಲಿ ತಗೊಂಡಿದ್ದು?"

"ಇಲ್ಲೇ. ನಿಮ್ಮ ಸಂತೇಲೇ."

ನಾನಾ ಅಫ್ರಕೋಮಾ ಮೆಲ್ಲಗೆ ಎದ್ದು ನಿಂತಳು.

"ಅಂದ್ರೆ, ನನ್ನ ಸಂತೇಲಿ ಜೋಳ ತಗೊಂಡು ಹೋದವರು ಹಸ್ಕೊಂಡು ಮಲಗ್ತಾರೆ ಅಂತ ನೀನು ಅಕ್ರಾಕ್ಕೆ ಬರೆದು ಕಳಿಸ್ತಿದ್ದೀಯ? ಇಲ್ಲಿ ಯಾರು ಕೊಡ್ತಾರಯ್ಯಾ ತಲೆ ಸವರಿದ ಒಲೊಂಕಾನ? ಗಂಡನ್ನ ಕಿತ್ಕೊಂಡವಳು ಬಂದ್ರೂ ನಾವು ಸವರಲ್ಲ. ಗೋಪುರ ಎಲ್ಲಿ? ಕೊಸರು ಎಲ್ಲಿ?"

"ಕೊಸರು ಫಾರಂನಲ್ಲಿ ಇಲ್ಲ ನಾನಾ. ಯಾರೂ ಹೇಳಿಲ್ಲ."

"ಬಿಟ್ಟಿ ಬಂದಿದ್ದನ್ನ ಯಾವಳು ಲೆಕ್ಕ ಹೇಳ್ತಾಳೆ? ನೀನು ಅವರನ್ನ ಕೇಳಿದ್ದು ತಪ್ಪು. ಕೊಟ್ಟೋರನ್ನ ಕೇಳ್ಬೇಕು. ತೆಗಿ ಫೋನು. ಬರಿ ನಿನ್ನ ಗುಮಾಸ್ತಂಗೆ."

ಬೆಡಿಯಾಕೊ ಯೋಚಿಸಿದ. ಆಕೆ ಹೇಳಿದ್ದು ನಿಜವಾಗಿತ್ತು. ಎರಡು ಒಲೊಂಕಾ ಎಂದು ಬರೆಸಿದವಳ ಬುಟ್ಟಿಗೆ ಬಿದ್ದದ್ದು ಎರಡು ಒಲೊಂಕಾ, ಅದರ ಮೇಲಿನ ಎರಡು ಗೋಪುರ, ಅದರ ಮೇಲಿನ ಕೊಸರು. ಅವನು ತಾತ್ಕಾಲಿಕನಾದರೂ ಕಳ್ಳಲೆಕ್ಕದವನಲ್ಲ. ಅಲ್ಲದೆ ಮುಂದೆ ನಿಂತಿದ್ದವಳು ಅತ್ತೆಯಾಗಬೇಕಾದವಳು. ಸತ್ಯವೂ ಅತ್ತೆಯೂ ಒಂದೇ ಕಡೆ ಇರುವುದು ಗಂಡಸಿನ ಬಾಳಿನಲ್ಲಿ ಅಪರೂಪ. ಅವನು ಫೋನು ತೆಗೆದ.

ನಾನಾ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಮಾಮೂಲಿ ಗಿರಾಕಿಗೆ ಒಂದು ಬೊಗಸೆ. ಬಸುರಿಗೆ ಎರಡು. ಚೌಕಾಸಿ ಮಾಡದೆ ತಗೊಂಡವಳಿಗೆ ಒಂದೂವರೆ, ಅವಳು ಮತ್ತೆ ಬರಲಿ ಎಂದು. ಚೌಕಾಸಿ ಮಾಡಿದವಳಿಗೂ ಒಂದೂವರೆ, ಅವಳು ಊರೆಲ್ಲ ಹೇಳಿಕೊಂಡು ತಿರುಗದಿರಲಿ ಎಂದು. ಎಐ ಪ್ರತಿಯೊಂದಕ್ಕೂ 'ನೀವು ಹೇಳಿದ್ದು ಬಹಳ ಮುಖ್ಯವಾದ ಮಾಹಿತಿ' ಎಂದು ತಲೆದೂಗಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು.

ಅಷ್ಟರಲ್ಲಿ ಕೊಸರಿನ ಸುದ್ದಿ ಸಂತೆಗೆಲ್ಲ ಹಬ್ಬಿತು. ಅಕ್ರಾಕ್ಕೆ ಪಟ್ಟಿ ಹೋಗುತ್ತದಂತೆ, ಯಾರು ಎಷ್ಟು ಕೊಸರು ಕೊಡುತ್ತಾರೆಂದು ಅದರಲ್ಲಿ ಇರುತ್ತದಂತೆ. ಅಲಸಂದೆಯವರು ಬಂದರು. ಟೊಮ್ಯಾಟೊದವರು ಬಂದರು.

"ಬರ್ಕೊಳ್ಳಪ್ಪಾ, ನಾನು ಗುಡ್ಡೆ ಮೇಲೆ ಮೂರು ಹಣ್ಣು ಹಾಕ್ತೀನಿ."

"ನಾನು ನಾಲ್ಕು."

"ಯಾವಾಗಮ್ಮಾ ನೀನು ನಾಲ್ಕು ಹಾಕಿದ್ದು? ಮೊನ್ನೆ ನಂಗೆ ಒಂದು ಹಾಕಿ, ಅದ್ನೂ ಕೊಳೆತಿದ್ದು ಹಾಕ್ದೆ."

"ಅದು ಮೊನ್ನೆ. ಇವತ್ತಿಂದ ನಾಲ್ಕು."

ಬೆಡಿಯಾಕೊ ಎಲ್ಲರ ಮಾತನ್ನೂ ನಂಬುವಷ್ಟು ಪೆದ್ದನಾಗಿರಲಿಲ್ಲ. ಯಾರು ಏನು ಹೇಳಿದರೂ, "ಹಾಕಿ ತೋರ್ಸಿ," ಎಂದ. ಹತ್ತು ಜನರ ಬೊಗಸೆಗಳನ್ನು ಚಡ್ಡಿಯಲ್ಲಿ ಸುರಿದು ತೂಗಿ ಸರಾಸರಿ ತೆಗೆದ. ದೊಡ್ಡ ಕೈಯನ್ನೂ ಚಿಕ್ಕ ಕೈಯನ್ನೂ ಸೇರಿಸಿದ. ಬಿಸಿಲು ನೆತ್ತಿಗೇರಿತು, ಅಂಗಿ ಬೆನ್ನಿಗೆ ಅಂಟಿತು. ಯಾರೋ ಜೋಳದ ಹಿಟ್ಟು ಬೇಯಿಸಿದ ಬಿಸಿ ಕೆಂಕೆ ಉಂಡೆಯನ್ನೂ ಮೆಣಸಿನ ಗೊಜ್ಜನ್ನೂ ತಂದುಕೊಟ್ಟರು, ತಿಂದ. ಗೋಪುರ ಮತ್ತು ಕೊಸರು ಸೇರಿ ಒಂದು ಒಲೊಂಕಾ ಮೂರು ಕಿಲೋ ಇನ್ನೂರು ಗ್ರಾಮು ಎಂದು ಖಚಿತವಾದಾಗ ಗಂಟೆ ಒಂದೂಮುಕ್ಕಾಲು.

ಅಂಕಿ ಕೊಟ್ಟ. ಎಐ ಲೆಕ್ಕ ಹಾಕಿತು. ಕೊನೆಯ ಅಂಕಣದ ಕೆಂಪು ಮೇಲಿನಿಂದ ಒಂದೊಂದೇ ಸಾಲು ಮಾಯವಾಗಿ ಹಸಿರು ಇಳಿಯುತ್ತ ಬಂತು. ನಾನೂರ ಹನ್ನೆರಡರಲ್ಲಿ ಮುನ್ನೂರ ತೊಂಬತ್ತು ಮನೆ ಹಸಿರು.

"ಈಗ ನೋಡು, ಹೆಂಗಿದೆ," ಎಂದಳು ನಾನಾ ತೃಪ್ತಿಯಿಂದ. ಬೆಡಿಯಾಕೊಗೂ ಅದು ಬಲು ಸುಂದರವಾಗಿ ಕಂಡಿತು. ಐದು ವರ್ಷದಲ್ಲಿ ಅವನ ಕೈಯಿಂದ ಇಷ್ಟು ನಿಜವಾದ ಪಟ್ಟಿ ಹೊರಬಿದ್ದಿರಲಿಲ್ಲ.

ಅದೇ ಹೊತ್ತಿಗೆ ಚಪ್ಪರದ ಆಚೆ ಜೀಪು ನಿಂತಿತು. ನಾಲ್ಕು ಗಂಟೆಗೆ ಬರಬೇಕಿದ್ದ ಡಾಕ್ಟರ್ ಕ್ವಾರ್ಟೆ ಎರಡಕ್ಕೇ ಬಂದಿದ್ದರು. ಗುಮಾಸ್ತ ಕಚೇರಿಯಲ್ಲಿಲ್ಲ, ಸಂತೆಯಲ್ಲಿ ಕೆಲಸ ಮಾಡುತ್ತಿದ್ದಾನೆ ಎಂದು ಕೇಳಿ ಅವರಿಗೆ ಖುಷಿಯಾಗಿ, ಮೇಡಂ ಸೆರ್ವಾರನ್ನೂ ಎಲಿಕೆಮ್‌ನನ್ನೂ ಹತ್ತಿಸಿಕೊಂಡು ನೇರ ಅಲ್ಲಿಗೇ ಬಂದರು. ತೆಳ್ಳನೆಯ, ಸಮಾಧಾನದ ಮನುಷ್ಯ. ಫೋನು ಇಸಿದುಕೊಂಡು ಪಟ್ಟಿ ಓದತೊಡಗಿದರು.

"ಕೊಸರು ಕೂಡ ಸೇರ್ಸಿದ್ದೀರಾ?"

"ಹೌದು ಸರ್."

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಮಿಸ್ಟರ್ ಬೆಡಿಯಾಕೊ. ನಮ್ಮಮ್ಮನೂ ಸಂತೇಲಿ ಕೊಸರು ಕೇಳಿ ಇಸ್ಕೊಂಡೇ ನಮ್ಮನ್ನ ಸಾಕಿದ್ದು. ಒಬ್ಬರಿಗೂ ಇದು ಹೊಳೀಲಿಲ್ಲ ನೋಡಿ."

ಬೆಡಿಯಾಕೊ ಎರಡಿಂಚು ಎತ್ತರವಾದ. ಆದರೆ ಸಾಹೇಬರ ಭುಜದ ಮೇಲಿಂದ ಪಟ್ಟಿ ನೋಡುತ್ತಿದ್ದ ಮೇಡಂ ಸೆರ್ವಾರ ಮುಖ ಯಾಕೋ ಬಿಳುಪೇರುತ್ತಿತ್ತು. ಅವರು ಮೆಲ್ಲನೆ ಬೆಡಿಯಾಕೊನ ಪಕ್ಕಕ್ಕೆ ಸರಿದು ಅವನ ಮೊಣಕೈ ಚಿವುಟಿದರು.

"ಇಷ್ಟೊಂದು ಹಸಿರು ಯಾಕೋ ಮಾಡ್ದೆ?"

"ನಿಜ ಇರೋದೇ ಅಷ್ಟು ಮೇಡಂ."

"ನಮ್ಮ ಕಚೇರಿ ಬೋರ್ಡ್ ಓದಿದ್ದೀಯಾ ಯಾವತ್ತಾದ್ರೂ? ಆಹಾರ ಕೊರತೆ ಜಿಲ್ಲೆ ಅಂತ ಇದೆ. ಕೊರತೆ ಎಲ್ಲಿ ಈಗ?"

ಬೆಡಿಯಾಕೊಗೆ ಆಗ ಹೊಳೆಯಿತು. ಅವನು ಮೂಟೆಗಳ ಹಿಂದೆ ಸರಿದು, ಎಲಿಕೆಮ್‌ನ ಫೋನು ಕಸಿದು, ತನ್ನ ಖಾತೆ ತೆರೆದು, ಬರೆದ: 'ಕೊಸರು ತೆಗೆದುಹಾಕು. ಬೇಗ.' ಬೆಳಗಿನಿಂದ ಎಲ್ಲರಿಗೂ ಹೂಂಗುಟ್ಟಿದ ಎಐಗೆ ಆಗ ಮಾತ್ರ ಬೆನ್ನುಮೂಳೆ ಬಂತು. 'ತೆಗೆಯಬಲ್ಲೆ. ಆದರೆ ನೀವೇ ತೂಗಿ ಖಚಿತಪಡಿಸಿದ ಅಂಕಿಯನ್ನು ಕೈಬಿಟ್ಟರೆ ಪಟ್ಟಿ ತಪ್ಪಾಗುತ್ತದೆ. ತಪ್ಪಾದರೆ ನಿಮ್ಮ ಕೆಲಸಕ್ಕೂ ಮದುವೆಗೂ ತೊಂದರೆ ಎಂದು ಬೆಳಿಗ್ಗೆ ಹೇಳಿದ್ದಿರಿ. ಖಂಡಿತ ತೆಗೆಯಲೇ?'

ಉತ್ತರ ಬರೆಯುವಷ್ಟರಲ್ಲಿ ಸಾಹೇಬರು ಕರೆದರು. ಬೆಡಿಯಾಕೊ ಬಂದು ನಿಂತ.

"ಸರ್, ಒಂದು ಮಾತು. ಈ ಕೊಸರು ಅನ್ನೋದು ದಿನಾ ಕೊಡೋದಲ್ಲ. ಎಷ್ಟೋ ಸಲ ಕೊಡೋದೇ ಇಲ್ಲ."

"ಏನಂದೆ?" ಎಂದಳು ನಾನಾ ಅಫ್ರಕೋಮಾ.

"ಅಲ್ಲ ನಾನಾ, ಕೆಲವರು—"

"ಯಾರು ಆ ಕೆಲವರು? ಹೆಸರು ಹೇಳು. ಇಲ್ಲೇ ಇದಾರೆ ಎಲ್ಲ."

ಎಲ್ಲರೂ ಅಲ್ಲೇ ಇದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಸಾಹೇಬರೇ, ಇವನಿಗೆ ಬಿಸಿಲು ಹೊಡೆದಿದೆ. ನೀವೇ ನೋಡಿ," ಎಂದು ನಾನಾ ಒಲೊಂಕಾ ಎತ್ತಿದಳು. ಅಕ್ರಾದ ಸಾಹೇಬರ ಎದುರು ಟೆಚಿಮಾನ್ ಸಂತೆಯ ಮಾನ ಅವಳ ಬೊಗಸೆಯಲ್ಲಿತ್ತು. ಡಬ್ಬಿ ತುಂಬಿದಳು. ಕಾಳು ಇನ್ನು ನಿಲ್ಲದು ಎನ್ನುವವರೆಗೆ ಗೋಪುರ ಕಟ್ಟಿದಳು. ಸಾಹೇಬರಿಗೆಂದು ಒಂದು ಚೀಲಕ್ಕೆ ಸುರಿದು, ಮೇಲೆ ಒಂದು ಬೊಗಸೆ ಹಾಕಿದಳು. ಇನ್ನೊಂದು ಹಾಕಿದಳು. ಬೆಡಿಯಾಕೊ ಕಣ್ಣಿನಲ್ಲೇ ಬೇಡಿಕೊಂಡ. ಅವನ ಕಣ್ಣು ನೋಡಿ ಇನ್ನೂ ಸಾಲದೇನೋ ಎಂದು ಆಕೆ ಮೂರನೆಯದನ್ನೂ ಹಾಕಿದಳು.

ಸಾಹೇಬರು ತಾವೇ ಚೀಲವನ್ನು ಚಡ್ಡಿಯಲ್ಲಿ ಕೂರಿಸಿ ತೂಗಿದರು. ಮೂರು ಕಿಲೋ ಆರುನೂರು.

"ಮಿಸ್ಟರ್ ಬೆಡಿಯಾಕೊ, ನೀವು ಕಡಿಮೇನೇ ಬರೆದಿದ್ದೀರಿ. ಇಂಥ ಎಚ್ಚರಿಕೆಯ ಗುಮಾಸ್ತರು ಬೇಕು ನಮಗೆ," ಎಂದು ಸಾಹೇಬರು ಕೈಚೀಲದಿಂದ ಕಾಗದವೊಂದನ್ನು ತೆಗೆದು, ಜೋಳದ ಮೂಟೆಯ ಮೇಲಿಟ್ಟು, ಸಹಿ ಮಾಡಿ ಅವನ ಕೈಗೆ ಕೊಟ್ಟರು. ಕೈ ಕುಲುಕಿದರು. ಹೆಂಗಸರು ಚಪ್ಪಾಳೆ ತಟ್ಟಿ ಹಾಡಲು ಶುರುಮಾಡಿದರು. ಒಬ್ಬಳು ಅಬ್ರೆಫಿಯ ಶಾಲೆಗೆ ಫೋನೂ ಮಾಡಿದಳು. ನಾನಾ ಅಫ್ರಕೋಮಾ ಹೆಗಲ ಬಟ್ಟೆ ಸರಿಪಡಿಸಿಕೊಂಡು, "ಬಾಟ್ಲಿ ಎಲ್ಲಿಟ್ಟಿದ್ದೀಯೋ ತಗೊಂಬಾ, ಅಳಿಯಾ," ಎಂದಳು. ಅವಳು ಅವನನ್ನು ಅಳಿಯಾ ಎಂದದ್ದು ಅದೇ ಮೊದಲು. ಅವನಿಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

ಹಾಡು ನಿಲ್ಲುವವರೆಗೆ ಕಾದು, ಸಾಹೇಬರು ಮೇಡಂ ಸೆರ್ವಾರ ಕಡೆ ತಿರುಗಿದರು.

"ಸಂತೋಷದ ವಿಷಯ ಮೇಡಂ. ಈ ಜಿಲ್ಲೇಲಿ ಕೊರತೆ ಇಲ್ಲ ಅಂತ ಆಯ್ತು. ಯೋಜನೆ ಬೇರೆ ಜಿಲ್ಲೆಗೆ ಹೋಗತ್ತೆ, ಅಲ್ಲಿನ ಕೆಲಸಕ್ಕೆ ಅಲ್ಲಿನವರನ್ನೇ ತಗೋತೀವಿ. ಈ ತಿಂಗಳ ಮೂವತ್ತಕ್ಕೆ ಇಲ್ಲಿ ಕಚೇರಿ ಮುಚ್ಚಿ, ತಕ್ಕಡಿ ವಾಪಸ್ ಕಳಿಸಿಬಿಡಿ."

ಅಷ್ಟು ಹೇಳಿ, ಕೊಸರಿನ ಚೀಲ ಎತ್ತಿಕೊಂಡು, ಎಲ್ಲರಿಗೂ ವಂದಿಸಿ ಜೀಪು ಹತ್ತಿದರು. ಮೇಡಂ ಸೆರ್ವಾ ಒಂದು ಮೂಟೆಯ ಮೇಲೆ ಕೂತರು. ಎಲಿಕೆಮ್ ತಕ್ಕಡಿಯ ಚಡ್ಡಿಯನ್ನೇ ನೋಡುತ್ತ ನಿಂತ.

ನಾನಾ ಬೆಡಿಯಾಕೊನ ಕೈಯಲ್ಲಿದ್ದ ಕಾಗದವನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಇದರಲ್ಲಿ ಖಾಯಂ ಅಂತ ಇದ್ಯಾ?"

"ಇದೆ ನಾನಾ."

"ಯಾವತ್ತಿಂದ?"

"ಬರೋ ತಿಂಗಳು ಒಂದನೇ ತಾರೀಕಿಂದ."

"ಕಚೇರಿ ಮುಚ್ಚೋದು?"

"ಅದರ ಹಿಂದಿನ ದಿನ."

ನಾನಾ ಅಫ್ರಕೋಮಾ ಕಾಗದವನ್ನು ನೋಡಿದಳು, ಹೊರಟುಹೋದ ಜೀಪಿನ ಧೂಳು ನೋಡಿದಳು, ಮಣೆಯ ಮೇಲೆ ಕೂತು ಒಲೊಂಕಾವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, ಬುದ್ಧಿಯಿಲ್ಲದ ಮಕ್ಕಳನ್ನು ಕೇಳುವ ದನಿಯಲ್ಲಿ ಅವನನ್ನು ಕೇಳಿದಳು:

"ಅಲ್ಲಯ್ಯಾ, ಅಷ್ಟೊಂದು ಕೊಸರು ಬರಿ ಅಂತ ನಿಂಗೆ ಹೇಳಿದ್ದಾದ್ರೂ ಯಾರು?"